ಬರ್ಮಾದ ಪದಕ, ನೀಲಿ ಮುಚ್ಚಳದ ಡಬ್ಬಿ

ಗಂಡನಿಗೆ ಒಂದು ಹುಚ್ಚಿದ್ದರೆ ಹೆಂಡತಿಗೆ ಹೇಳಲು ಹತ್ತು ಕತೆ ಸಿಗುತ್ತವೆ. ನಮ್ಮವರ ಹುಚ್ಚು ಡಬ್ಬಿ ಬಚ್ಚಿಡುವುದು. ಜಿಯೋಕ್ಯಾಚಿಂಗ್ ಎಂದು ಅದರ ಹೆಸರು. ಎಲ್ಲಾದರೂ ಒಂದು ಡಬ್ಬಿ ಇಟ್ಟು, ಆ ಜಾಗದ ಅಕ್ಷಾಂಶ-ರೇಖಾಂಶದ ಅಂಕಿಗಳನ್ನು ಇಂಟರ್ನೆಟ್ಟಿಗೆ ಹಾಕುವುದು. ಯಾರೋ ಮೊಬೈಲ್ ಹಿಡಿದು ಬಂದು ಹುಡುಕುವುದು, ಬೇಕಾದರೆ ಒಳಗಿನದನ್ನು ಒಯ್ಯುವುದು. ನಮ್ಮವರು ಅಂಕಿಗಳನ್ನು ನೇರವಾಗಿ ಕೊಡುವುದಿಲ್ಲ. ಹಳೆಯ ಯುದ್ಧಗಳ ಪದಕಗಳ ಚಿತ್ರ ಹಾಕಿ ಒಗಟು ಮಾಡುತ್ತಾರೆ. ಬಿಡಿಸಿದವರಿಗಷ್ಟೇ ಜಾಗ ಗೊತ್ತಾಗುತ್ತದೆ. ಮಾವನವರ ತಂದೆ ಬರ್ಮಾದ ಯುದ್ಧಕ್ಕೆ ಹೋಗಿ ನಕ್ಷತ್ರದಾಕಾರದ ಪದಕ ತಂದವರು. ಮಾವನವರು ಫೌಜಿನಲ್ಲಿ ಹವಾಲ್ದಾರರಾಗಿದ್ದವರು. ಮೂರನೇ ತಲೆಮಾರು ಡಬ್ಬಿ ಬಚ್ಚಿಡುತ್ತಿದೆ.

೧. ಗೋಡೆಯ ಮೇಲಿನ ಅಂಚು

ಪದಕ ನೇತುಹಾಕುವ ಬಣ್ಣಬಣ್ಣದ ರಿಬ್ಬನ್ನುಗಳ ಚಿತ್ರಗಳನ್ನು ದೊಡ್ಡದಾಗಿ ಪ್ರಿಂಟ್ ತೆಗೆಸಿ, ಜಲನಗರದ ನಮ್ಮ ಮನೆಯ ಗೋಡೆಗೆ ಅಂಟಿಸಿದ್ದರು. ಹೆಪ್ಪಿಗೆ ಮೊಸರು ಕೇಳಲು ಬಂದ ಪಕ್ಕದ ಮನೆಯ ಕಾಕೂ ಅಲ್ಲೇ ನಿಂತುಬಿಟ್ಟರು.

"ಇಳಕಲ್ ಸೀರಿ ವ್ಯಾಪಾರ ಸುರು ಮಾಡೀರೇನವಾ?"

"ಇಲ್ರಿ ಕಾಕೂ, ಇವು ಯುದ್ಧದ ಪದಕದ್ದು" ಎಂದು ನಮ್ಮವರು ಯಾವ ರಿಬ್ಬನ್ನು ಯಾವ ಯುದ್ಧದ್ದೆಂದು ಅರ್ಧ ತಾಸು ವಿವರಿಸಿದರು. ಕಾಕೂ ಬಾಯಿ ತೆರೆದು ಕೇಳಿದರು. ಕೊನೆಗೆ ಬೆರಳು ಮಾಡಿ ಹೇಳಿದರು:

"ಅಫಘಾನಿಸ್ತಾನದ್ದು ಬ್ಯಾಡ, ಬಣ್ಣ ಬಿಡೂ ಹಂಗ ಕಾಣತೈತಿ. ಬರ್ಮಾದ್ದು ಒಂದು ತಗದಿಡ್ರಿ, ಜಂಪರ್ ಪೀಸ್ ಸಮೇತ."

೨. ಕೆರೆ ದಂಡೆಯ ಅಜ್ಜ

ಮಮದಾಪುರದ ಕೆರೆ ದಂಡೆಯಲ್ಲಿ, ಕಲ್ಲುಗಳ ಸಂದಿಯಲ್ಲಿ ಒಂದು ಡಬ್ಬಿ ಇಟ್ಟರು. ಬಂದವರೆಲ್ಲ "ಎರಡೇ ನಿಮಿಷದಲ್ಲಿ ಸಿಕ್ಕಿತು" ಎಂದು ಇಂಟರ್ನೆಟ್ಟಿನಲ್ಲಿ ಬರೆಯತೊಡಗಿದರು. ಅಷ್ಟು ಚೆನ್ನಾಗಿ ಬಚ್ಚಿಟ್ಟದ್ದು ಹೇಗೆ ಸಿಗುತ್ತದೆ ಎಂದು ನೋಡಲು ನಾವೂ ಹೋದೆವು. ಸಂದಿಯಲ್ಲಿ ಡಬ್ಬಿ ಇರಲಿಲ್ಲ. ನಮ್ಮವರು ಕಲ್ಲು ಎತ್ತಿ ಎತ್ತಿ ನೋಡುವಾಗ ಕುರಿ ಕಾಯುವ ಅಜ್ಜ ಬಂದು, ಹೆಗಲ ಚೀಲದಿಂದ ಡಬ್ಬಿ ತೆಗೆದು ಕೊಟ್ಟ.

"ತಗೋ ಯಪ್ಪಾ. ಬರೋ ಮಂದಿ ಬಿಸಲಾಗ ಹುಡುಕ್ಯಾಡತಾರ, ಪಾಪ. ಅದಕ್ಕ ನನ್ನ ಕಡೀನ ಇಟ್ಕೊಂಡೇನಿ."

"ಇದು ಆಟ ಐತ್ರಿ ಅಜ್ಜಾರ. ಅವರು ಹುಡುಕೇ ತಗೀಬೇಕು."

ಅಜ್ಜ ತಲೆ ಆಡಿಸಿದ. "ಆತು ಬಿಡು. ಆದ್ರ ಬುಧವಾರ ನಾ ಸಂತಿಗೆ ಹೋಗಿರತೇನಿ. ಅವತ್ತ ಸೂಟಿ ಅಂತ ನಿನ್ನ ಮೊಬೈಲಿನ್ಯಾಗ ಬರದ ಹಾಕು."

೩. ತಿಕೋಟಾಕ್ಕೆ ಹೋದ ಡಬ್ಬಿ

ಇಲ್ಲಿಯ ತನಕ ನಕ್ಕವಳು ನಾನು. ಇದು ನಾನು ಮಾಡಿದ ಕೆಲಸ.

ತಿಕೋಟಾದಲ್ಲಿ ಹೊಸ ಡಬ್ಬಿ ಇಡಲು ಹೊರಟಾಗ, "ಕಪಾಟಿನ್ಯಾಗ ನೀಲಿ ಮುಚ್ಚಳದ ಡಬ್ಬಿ ಐತಿ, ಚೀಲಕ್ಕ ಹಾಕು" ಎಂದರು. ಅದರಲ್ಲಿ ಅವರೇ ತಗಡು ಕತ್ತರಿಸಿ ಮಾಡಿದ ನಕಲಿ ಪದಕಗಳಿದ್ದವು. ನನ್ನ ಬಗಲಲ್ಲಿ ಮಗಳು ಚೀರುತ್ತಿದ್ದಳು. ಕೈಗೆ ಸಿಕ್ಕ ಡಬ್ಬಿ ಹಾಕಿದೆ. ಅವರೂ ತೆರೆದು ನೋಡದೆ ಇಟ್ಟು ಬಂದರು.

ಒಂದು ವಾರದ ಮೇಲೆ, ಶನಿವಾರ, ಮಾವನವರು ಹೇಳಿದರು: "ಸೋಮವಾರ ಸಾಲಿ ಹುಡುಗರಿಗೆ ಅಪ್ಪನ ಪದಕ ತೋರಿಸಬೇಕವಾ. ಒರಸಿ ಇಡು."

ಕಪಾಟು ತೆರೆದೆ. ನೀಲಿ ಮುಚ್ಚಳದ ಡಬ್ಬಿ ಇತ್ತು. ಒಳಗೆ ತಗಡು! ಖರೇ ಪದಕಕ್ಕೊಂದು, ನಕಲಿಗೊಂದು ಎಂದು ಒಂದೇ ನಮೂನೆಯ ಎರಡು ಡಬ್ಬಿ ತಂದವಳೂ ನಾನೇ. ನಮ್ಮವರನ್ನು ಒಳಗೆ ಕರೆದು ತೋರಿಸಿದೆ.

ನಮ್ಮವರು ಗಾಬರಿಯಾಗಿ ಮೊಬೈಲ್ ನೋಡಿದರು. ತಿಕೋಟಾದ ಡಬ್ಬಿ ಹುಡುಕಿದವನೊಬ್ಬ ಬರೆದಿದ್ದ: "ನಿಮ್ಮ ಬರ್ಮಾದ ಪದಕ ಥೇಟ್ ಖರೇದರಂಗ ಐತಿ. ಬಾಬಲೇಶ್ವರದಾಗ ನನ್ನ ಒಗಟಿನ ಡಬ್ಬ್ಯಾಗ ಇಟ್ಟೇನಿ."

"ನೋಡು, ಎಷ್ಟ ಹೊಗಳ್ಯಾನ!" ಎಂದರು ನಮ್ಮವರು, ಗಾಬರಿ ಮರೆತು.

೪. ಬಾಬಲೇಶ್ವರದ ಹಾದಿ

ಪದಕ ಒಯ್ದವನಿಗೆ ಹತ್ತು ಸಲ ಬರೆದರೂ ಉತ್ತರವಿಲ್ಲ. ಅವನ ಒಗಟು ಬಿಡಿಸದೆ ಗತಿಯಿರಲಿಲ್ಲ. ಐದು ರಿಬ್ಬನ್ನು, ಒಂದೊಂದರ ಕೆಳಗೆ ಒಂದು ಅಂಕಿ. ಯುದ್ಧಗಳು ನಡೆದ ಕ್ರಮದಲ್ಲಿ ಜೋಡಿಸಿದರೆ ಜಾಗದ ಅಂಕಿ ಸಿಗುತ್ತದೆ. ನಮ್ಮವರು ಒಮ್ಮೆ ಜೋಡಿಸಿದರೆ ಜಾಗ ಯಾರದೋ ದ್ರಾಕ್ಷಿ ತೋಟದ ಬಾವಿಯಲ್ಲಿ ಬಿತ್ತು. ಇನ್ನೊಮ್ಮೆ ಮಹಾರಾಷ್ಟ್ರದಲ್ಲಿ ಬಿತ್ತು.

ರವಿವಾರ ಮುಂಜಾನೆ ನಮ್ಮವರು, ಸುಮ್ಮನೆ ಕೇಳುವವರಂತೆ ಮಾವನವರ ಮುಂದೆ ಮೊಬೈಲ್ ಹಿಡಿದರು. ಮಾವನವರು ಚಾ ಮುಗಿಸುವಷ್ಟರಲ್ಲಿ ಐದನ್ನೂ ಸಾಲಾಗಿ ಹೇಳಿ ಚಷ್ಮಾ ತೆಗೆದರು.

"ಈಗ ಹೇಳು. ಅಪ್ಪನ ಪದಕ ಎಲ್ಲೈತಿ?"

"ಅಪ್ಪಾ... ನಿಮಗ್ಹೆಂಗ..."

"ಕಪಾಟು ನಾನೂ ತಗದೇನಿ. ಆ ನಕ್ಷತ್ರಕ್ಕ ಆರು ಮೂಲಿ ಇರತಾವಲೇ. ನೀ ಐದ ಕತ್ತರಿಸೀದಿ."

"ನನ್ನಿಂದ ತಪ್ಪಾತ್ರಿ" ಎಂದರು ನಮ್ಮವರು. ನನ್ನ ಹೆಸರು ಎತ್ತಲಿಲ್ಲ.

ಒಂದು ಆಟೋ ಮಾಡಿಕೊಂಡು ಎಲ್ಲರೂ ಹೊರಟೆವು. ಬಾಬಲೇಶ್ವರದ ಹಾದಿಯಲ್ಲಿ ಒಂದು ಹಳೆಯ ಮೈಲಿಗಲ್ಲಿನ ಹಿಂದೆ ಡಬ್ಬಿ ಸಿಕ್ಕಿತು. ಅದರಲ್ಲಿ ಪದಕ, ಆರಕ್ಕೆ ಆರೂ ಮೂಲೆ ಸಮೇತ. ಮಗಳನ್ನು ನಮ್ಮವರ ಕೈಗೆ ಕೊಟ್ಟು ಅಲ್ಲೇ ನೆಲದ ಮೇಲೆ ಕುಳಿತೆ. ಮಾವನವರು ಪದಕವನ್ನು ಧೋತರದಿಂದ ಒರೆಸಿ ಅಂಗಿಯ ಒಳಜೇಬಿಗೆ ಇಟ್ಟುಕೊಂಡರು.

ಇನ್ನು ಹೊರಡಬೇಕು ಎನ್ನುವಾಗ ನಮ್ಮವರಿಗೆ ನಿಯಮ ನೆನಪಾಯಿತು. "ಡಬ್ಬ್ಯಾಗಿಂದು ತಗೊಂಡ್ರ ಅಷ್ಟ ಬೆಲಿದು ಬದಲಿ ಇಡಬೇಕಾಗತೈತ್ರಿ ಅಪ್ಪಾ."

ಮಾವನವರು ಮಗನನ್ನು ಮೇಲಿಂದ ಕೆಳಗೆ ನೋಡಿದರು. "ನಿನ್ನ ಇಟ್ಟು ಹೋಗತಿದ್ದೆ. ಆದ್ರ ಆ ಮನಷ್ಯಾಗ ಲುಕ್ಸಾನ ಆಗತೈತಿ."

ನನ್ನ ತಪ್ಪು ಹೊತ್ತುಕೊಂಡು ನಿಂತವರ ಪರವಾಗಿ, ಮದುವೆಯಾದ ಮೇಲೆ ಮೊದಲ ಸಲ ನಾನು ಬಾಯಿ ತೆರೆದೆ:

"ಇರ್ಲಿ ಬಿಡ್ರಿ ಮಾವಾರ, ಮನಿಗೆ ಕರ್ಕೊಂಡು ಹೋಗೂಣು. ಗ್ಯಾಸ್ ಸಿಲಿಂಡರ್ ಎತ್ತಾಕ ಒಬ್ರು ಬೇಕಾಗತಾರ."