ಸ್ಕ್ರಿಪ್ಟಿನ ಕೈಗೆ ಸಿಕ್ಕ ಹಾಡುಗಳು

ಕಂಪ್ಯೂಟರ್ ಇಟ್ಟುಕೊಂಡವನಿಗೆ ಕಂಪ್ಯೂಟರಿನಿಂದಲೇ ತಲೆನೋವು ಬರುತ್ತದೆ ಅಂತ ಯಾರು ಹೇಳಿದರೋ! ನನಗೆ ಬಂದದ್ದೆಲ್ಲ ಗಿರಾಕಿಗಳಿಂದ. ತೊಂಬತ್ತರ ದಶಕದ ಕೊನೆಯಲ್ಲಿ ಹಿಂದೂಪುರದಲ್ಲಿ ನನ್ನದೊಂದು ಕ್ಯಾಸೆಟ್ ರೆಕಾರ್ಡಿಂಗ್ ಅಂಗಡಿ ಇತ್ತು. ಕ್ಯಾಸೆಟ್ಟಿನ ಹಾಡನ್ನು ಕಂಪ್ಯೂಟರಿಗೆ ಇಳಿಸಿದರೆ ಭಾರೀ ಗಾತ್ರದ ವೇವ್ ಫೈಲು. ಅದನ್ನು ಪುಟ್ಟ ಎಂಪಿತ್ರೀ ಮಾಡಲು ನಾನೇ ಒಂದು ಸ್ಕ್ರಿಪ್ಟ್, ಅಂದರೆ ತಾನಾಗಿ ಕೆಲಸ ಮಾಡುವ ಪುಟ್ಟ ಪ್ರೋಗ್ರಾಂ, ಬರೆದಿದ್ದೆ.

ಮಿಕ್ಕಿದ್ದೆಲ್ಲಿ?

ಹುಣಸೆಹಣ್ಣಿನ ಮಂಡಿ ಸಾಹುಕಾರರು ತಮ್ಮ ತಾಯಿ ಹಾಡಿದ ಕ್ಯಾಸೆಟ್ ತಂದರು. ಕೆಲಸ ಮುಗಿದ ಮೇಲೆ ಪರದೆಯಲ್ಲಿ ಫೈಲಿನ ಗಾತ್ರ ನೋಡಿ ಹುಬ್ಬು ಗಂಟಿಕ್ಕಿದರು.

"ಏಮಯ್ಯಾ, ಅಷ್ಟು ದೊಡ್ಡುದು ಇಷ್ಟೇ ಆಗೋಯ್ತಾ? ಮಿಕ್ಕಿದ್ದೆಲ್ಲಿ?"

"ಕಿವಿಗೆ ಕೇಳಿಸ್ದೇ ಇರೋ ಸದ್ದನ್ನ ತೆಗೆದ್ಬುಡ್ತದೆ ಸಾವ್ಕಾರ್ರೇ. ಹುಣಸೆಹಣ್ಣಿಂದ ಬೀಜ ತೆಗ್ದಂಗೆ."

"ಹಂಗನ್ನು ಮತ್ತೆ!" ಮುಖ ಅರಳಿತು. ಎದ್ದು ಹೊರಟವರು ಬಾಗಿಲಲ್ಲಿ ನಿಂತು ಕೈಚೀಲದ ಬಾಯಿ ಬಿಡಿಸಿದರು. "ಬೀಜ ನಮ್ದೇ ಅಲ್ವಾ? ಹಾಕು ಇದ್ರೊಳಕ್ಕೆ."

ಹಾಡೋದಕ್ಕಿಂತ ತಡ

ಆಗಿನ ಕಂಪ್ಯೂಟರ್ ಒಂದು ಹಾಡು ಬದಲಾಯಿಸುವಷ್ಟರಲ್ಲಿ ನಿಧಾನವಾಗಿ ಟೀ ಕುಡಿದು ಬರಬಹುದಿತ್ತು. ಪರಿಗಿಯ ರೈತರೊಬ್ಬರು ಹೆಂಡತಿ ಹಾಡಿದ ಕ್ಯಾಸೆಟ್ ಕೊಟ್ಟು ಕಾದರು, ಕಾದರು. ಕೊನೆಗೆ ಟವೆಲ್ ಕೊಡವಿಕೊಂಡು ಎದ್ದರು. "ಇರ್ಲಿ ಬುಡಪ್ಪ, ಬಸ್ಸಲ್ಲೋಗಿ ಅವುಳ್ನೇ ಕರ್ಕೊಂಡ್ ಬತ್ತೀನಿ. ಇದ್ಕಿಂತ ಬಿರ್‍ನೆ ಹಾಡ್ಬುಡ್ತಾಳೆ."

ಅಳುವ ಸರದಿ

ಕಲ್ಯಾಣದುರ್ಗದಲ್ಲಿ ನೇಕಾರರ ಮನೆ ಮದುವೆ. ಮದುಮಗಳ ಅಜ್ಜಿ ಹಾಡಿದ್ದ ಸೋಬಾನೆ ಹಾಡುಗಳನ್ನು ಒಂದಾಗಿ ಜೋಡಿಸಿ ಮೈಕಿನಲ್ಲಿ ಹಾಕುವ ಕೆಲಸ ನನ್ನದು. ನನ್ನ ಸ್ಕ್ರಿಪ್ಟು ಯಾವಾಗಲೂ ಚಿಕ್ಕ ಫೈಲನ್ನೇ ಮೊದಲು ಮುಗಿಸುತ್ತಿತ್ತು, ಅದೇ ಕ್ರಮದಲ್ಲಿ ಜೋಡಿಸಿಯೂ ಬಿಟ್ಟಿತ್ತು. ಎಲ್ಲಕ್ಕಿಂತ ಚಿಕ್ಕದು, ಕೊನೆಗೆ ಬರಬೇಕಾದ ಹೆಣ್ಣು ಒಪ್ಪಿಸುವ ಹಾಡು. ಹಾಡುವಾಗ ದುಃಖ ಉಕ್ಕಿ ಬಂದು ಅಜ್ಜಿ ಅದನ್ನು ಅರ್ಧಕ್ಕೇ ನಿಲ್ಲಿಸಿದ್ದರು.

ಗಂಡು ಚಪ್ಪರದೊಳಗೆ ಕಾಲಿಟ್ಟ. ಅದೇ ಹಾಡು ಶುರುವಾಯಿತು. ಹೆಣ್ಣಿನ ತಾಯಿ, ಚಿಕ್ಕಮ್ಮಂದಿರು, ಸೋದರತ್ತೆಯರು ಎಲ್ಲರೂ ಅಭ್ಯಾಸಬಲದಿಂದ ಗೊಳೋ ಎಂದು ಅತ್ತರು. ಗಂಡಿನ ತಂದೆ ಬೆಚ್ಚಿಬಿದ್ದರು.

"ಹೆಣ್ಗೆ ಇಷ್ಟ ಇಲ್ವೇನ್ರೀ? ಇಲ್ಲಾಂದ್ರೆ ಈಗ್ಲೇ ಹೇಳ್ಬುಡಿ, ವಾಪಸ್ ಹೋಯ್ತೀವಿ!"

ನಾನು ಓಡಿದೆ. ಮೈಕು ಆರಿಸಿದರೂ ಹೆಂಗಸರ ಅಳು ಆರಲಿಲ್ಲ. ಕೊನೆಗೆ ಮದುಮಗಳೇ ಒಳಗಿಂದ ಬಂದು, "ಇಷ್ಟ ಐತೆ ಮಾಮಾ, ಕೂತ್ಕಳಿ" ಅಂದಳು. ಅಂತೂ ತಾಳಿ ಕಟ್ಟಿದ್ದಾಯಿತು.

ಸಂಜೆ ನಿಜವಾಗಿ ಹೆಣ್ಣು ಕಳಿಸಿಕೊಡುವ ಹೊತ್ತಿಗೆ ಯಾರ ಕಣ್ಣಲ್ಲೂ ನೀರಿಲ್ಲ. ಹೆಣ್ಣಿನ ತಾಯಿ ಮೆಲ್ಲಗೆ ನನ್ನ ಹತ್ತಿರ ಬಂದರು. "ಆ ಹಾಡು ಇನ್ನೊಂದ್ ಕಿತ ಹಾಕಪ್ಪ. ನೋಡಿದೋರು ಏನಂದ್ಕಂಡಾರು?"

ಹಾಕಿದೆ. ಈ ಸಲ ಅತ್ತಿದ್ದು ಮದುವೆ ಗಂಡೊಬ್ಬನೇ.