ಅಮ್ಮನ ಮಂಡಿಗೆ ಎರಡೂರಿನ ಎಣ್ಣೆ

ಅಮ್ಮನ ಮಂಡಿನೋವನ್ನು ಓಡಿಸಿದ್ದು ದೊಡ್ಡಮ್ಮನ ಕೊಚ್ಚಿ ಎಣ್ಣೆ ಎಂದು ನಮ್ಮ ನೆಂಟರೆಲ್ಲ ಹೇಳುತ್ತಾರೆ. ನಾನು ಒಪ್ಪುವುದಿಲ್ಲ. ಕಾಲೇಜಿನ ಚರ್ಚಾಸ್ಪರ್ಧೆಗಳಲ್ಲಿ ಕಪ್ ಗೆದ್ದು ಕೆಟ್ಟವಳು ನಾನು. ಮಳೆ ಬರುತ್ತಿದೆ ಎಂದರೂ ಪುರಾವೆ ಕೇಳುತ್ತೇನೆ. ಸಾಲದ್ದಕ್ಕೆ ತಿರುವನಂತಪುರದ ಉಳ್ಳೂರಿನ ಹತ್ತಿರದ ಆಸ್ಪತ್ರೆಯಲ್ಲಿ ನನ್ನ ಉದ್ಯೋಗವೂ ಅಂಥದ್ದೇ. ಒಂದು ಊರಿನಲ್ಲಿ ಒಂದು ಔಷಧ, ಇನ್ನೊಂದು ಊರಿನಲ್ಲಿ ಮತ್ತೊಂದು ಔಷಧ ಪರೀಕ್ಷಿಸಿರುತ್ತಾರೆ. ಯಾವುದು ಮೇಲು ಎನ್ನುವ ಮೊದಲು ಎರಡೂ ಕಡೆ ಏನೇನು ವ್ಯತ್ಯಾಸವಿತ್ತೆಂದು ಹುಡುಕಿ, ಅದನ್ನು ಲೆಕ್ಕದಲ್ಲಿ ಸರಿದೂಗಿಸಬೇಕು.

ನಮ್ಮ ಪಕ್ಕದ ಮನೆಯ ಅಮ್ಮಿಣಿ ಚೇಚಿ, ಅಂದರೆ ಅಮ್ಮಿಣಿ ಅಕ್ಕ, ಕೊಟ್ಟ ಎಣ್ಣೆ ಎರಡು ತಿಂಗಳು ಹಚ್ಚಿದರೂ ಅಮ್ಮನಿಗೆ ಗುಣ ಕಾಣಲಿಲ್ಲ. ಕೊಚ್ಚಿಯಲ್ಲಿ ತನ್ನ ಅಕ್ಕನ ಮನೆಯಲ್ಲಿ ಹದಿನೈದು ದಿನ ಇದ್ದು, ಅಲ್ಲಿನ ಎಣ್ಣೆ ಹಚ್ಚಿ ಬಂದವಳು ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ಕೂತಳು. ಚೇಚಿ ಮುಖ ಸಣ್ಣದು ಮಾಡಿಕೊಂಡು, “ನನ್ನ ಎಣ್ಣೆಯಿಂದ ನಿನ್ನ ಅಪ್ಪನ ಆಫೀಸಿನ ಹುಡುಗರು ಮೂರೇ ದಿನಕ್ಕೆ ಎದ್ದರಲ್ಲ ಮೋಳೇ” ಎಂದು ಮಗಳನ್ನು ಕರೆದಂತೆ ನನಗೆ ಹೇಳಿದರು. ಅವರು ಫುಟ್‌ಬಾಲ್ ಆಡಿ ಕಾಲು ಉಳುಕಿಸಿಕೊಂಡವರು. ನೀರು ಹಚ್ಚಿದ್ದರೂ ಏಳುತ್ತಿದ್ದರು. ಅತ್ತ ಕೊಚ್ಚಿಯೋ ಸಪಾಟು ನೆಲ. ನಮ್ಮ ಮನೆಗೆ ರಸ್ತೆಯಿಂದ ಇಪ್ಪತ್ತೆರಡು ಮೆಟ್ಟಿಲು. ಲೆಕ್ಕದಿಂದ ವಯಸ್ಸು ಕಳೆದೆ, ಮೆಟ್ಟಿಲು ಕಳೆದೆ, ಎರಡೂ ಎಣ್ಣೆ ಒಂದೇ ಎಂದು ಊಟದ ಹೊತ್ತಿಗೆ ತೀರ್ಪು ಕೊಟ್ಟೆ. ಅಪ್ಪ ಸಾರು ಬಡಿಸಿಕೊಂಡರು.

ಕೊಚ್ಚಿಯಿಂದ ತಂದ ಎಣ್ಣೆಯನ್ನೇ ಹಚ್ಚುತ್ತಿದ್ದರೂ ಎಂಟನೇ ದಿನಕ್ಕೆ ನೋವು ಮರಳಿತು. “ರೈಲಿನಲ್ಲಿ ಬಿಸಿಲು ತಾಗಿ ಎಣ್ಣೆ ಸತ್ವ ಹೋಯ್ತು ಕಣೇ. ನಾನು ಅಕ್ಕನ ಮನೆಯಲ್ಲೇ ಇದ್ದುಬಿಡ್ತೀನಿ” ಎಂದು ಅಮ್ಮ ಟ್ರಂಕಿಗೆ ಸೀರೆ ತುಂಬಿದಳು. ಅವಳಿಲ್ಲದ ಮನೆ ನೆನೆದು ನನ್ನ ವಾದದ ಸೊಕ್ಕು ಇಳಿಯಿತು. ಆಸ್ಪತ್ರೆಯ ಕೆಲಸದಲ್ಲಿ ಮೊದಲು ಕೇಳುವ ಪ್ರಶ್ನೆಯನ್ನು ಆಗ ಕೇಳಿದೆ: “ಅಲ್ಲಿ ಎಣ್ಣೆ ಹೇಗೆ ಹಚ್ಚಿಕೊಳ್ತಿದ್ದೆ?”

“ನಾನೆಲ್ಲಿ ಹಚ್ಚಿಕೊಂಡೆ? ಅಕ್ಕ ಹಚ್ಚೋಳು. ಊರ ಸುದ್ದಿಯೆಲ್ಲ ಹೇಳ್ತಾ ಅರ್ಧ ಗಂಟೆ ತಿಕ್ಕೋಳು.”

“ಇಲ್ಲಿ?”

“ಇಲ್ಲಿ ಯಾರಿಗೆ ಪುರುಸೊತ್ತು? ನಾನೇ ಒಂದಿಷ್ಟು ಸವರಿಕೊಳ್ತೀನಿ.”

ದೊಡ್ಡಮ್ಮನ ಆ ಕೈಯನ್ನು ನಾನು ಯಾವ ಲೆಕ್ಕಕ್ಕೂ ಹಿಡಿದಿರಲಿಲ್ಲ. ಚೇಚಿಯ ಎಣ್ಣೆಯನ್ನೇ ಬೆಚ್ಚಗೆ ಮಾಡಿಕೊಂಡು ಅವಳ ಕಾಲ ಬಳಿ ಕೂತೆ. ತಿಕ್ಕುತ್ತಾ ತಿಕ್ಕುತ್ತಾ ನನ್ನ ಹೊಸ ಸಿದ್ಧಾಂತ ವಿವರಿಸತೊಡಗಿದೆ.

“ಬಾಯಿಗೆ ರಜ ಕೊಡು, ಕೈ ನಿಂತುಹೋಗ್ತಿದೆ” ಎಂದಳು ಅಮ್ಮ.

ಹನ್ನೊಂದು ದಿನವಾಯಿತು, ಬಾಯಿ ಮುಚ್ಚಿಕೊಂಡು ತಿಕ್ಕುತ್ತಿದ್ದೇನೆ. ನಿನ್ನೆ ಅವಳು ಮೆಟ್ಟಿಲಿಳಿದು ತರಕಾರಿ ತಂದಳು. ಟ್ರಂಕು ಮಾತ್ರ ಬಾಗಿಲ ಪಕ್ಕದಲ್ಲೇ ಇದೆ.

ಅಮ್ಮಾ, ಸೀರೆಗಳನ್ನು ಬೀರುವಿಗೆ ಎತ್ತಿಡಲಾ?