ಎಣ್ಣೆ ಬಿಟ್ಟ ಬಸವರಾಜು

ಅನುಮಾನವನ್ನು ಜನ ರೋಗವೆನ್ನುತ್ತಾರೆ. ನಾನು ಒಪ್ಪುವುದಿಲ್ಲ. ಅದು ಶಿಸ್ತಿನ ಒಂದು ಅಂಗ. ಬೆಳಿಗ್ಗೆ ಐದಕ್ಕೆ ಎದ್ದು, ಹಾಸಿಗೆ ಸುತ್ತಿಟ್ಟು, ಆರಕ್ಕೆ ಕಾಫಿ ಕುಡಿಯುವವನಿಗೆ ಮಾತ್ರ ಎದುರುಮನೆಯ ಬಾಗಿಲು ಇವತ್ತು ಬೇಗ ತೆರೆಯಿತೆಂಬುದು ಗೊತ್ತಾಗುತ್ತದೆ. ಗೊತ್ತಾದ ಮೇಲೆ ಯಾಕಿರಬಹುದು ಎಂದು ಯೋಚಿಸದೆ ಕೂರಲು ನಾನೇನು ಗೋಡೆಯೇ? "ಪಾಪ, ಅವರಿಗೆ ಹೊಟ್ಟೆ ಸರಿಯಿಲ್ಲದೆ ಇರಬಹುದು" ಎನ್ನುತ್ತಾಳೆ ನನ್ನ ಹೆಂಡತಿ. ಅವಳು ಗಡಿಯಾರ ನೋಡದೆ ಬೆಳೆದವಳು.

ಈ ಗುಣ ನನಗೆ ಅಪ್ಪನಿಂದ ಬಂತು. ಅವರು ಚಾಮರಾಜನಗರದ ಹೈಸ್ಕೂಲಿನಲ್ಲಿ ಡ್ರಿಲ್ ಮಾಸ್ತರರು. ಶಾಲೆಯಲ್ಲಿ ಊದಿ ಉಳಿದ ಸೀಟಿಯನ್ನು ಮನೆಗೆ ತಂದು ಊದುತ್ತಿದ್ದರು. ಸ್ನಾನಕ್ಕೊಂದು ಸೀಟಿ, ಊಟಕ್ಕೊಂದು ಸೀಟಿ. ಅವ್ವ ಸಾರು ಕುದಿಸುವಾಗಲೂ ‘ಸಾವಧಾನ್’ ಭಂಗಿಯಲ್ಲಿ ನಿಂತಿರುತ್ತಿದ್ದಳು. ಇಂಥ ಮನೆಯ ಹುಡುಗನಿಗೆ ಹೈಸ್ಕೂಲಿನ ಕೊನೆಯ ವರ್ಷದಲ್ಲಿ ಪ್ರೇಮ ಅಂಕುರಿಸಿತು ಎಂದರೆ ಅದೂ ವೇಳಾಪಟ್ಟಿಯಂತೆಯೇ ಅಂಕುರಿಸಿತು: ಬೆಳಗಿನ ಪ್ರಾರ್ಥನೆಯ ಹೊತ್ತಿಗೆ ಶುರು, ಸಂಜೆಯ ಗಂಟೆಗೆ ಮುಕ್ತಾಯ.

ಹುಡುಗಿಯ ಹೆಸರು ದೇವಮ್ಮಣ್ಣಿ. ಕಿಟಕಿ ಪಕ್ಕದ ಹುಡುಗಿಯರ ಬೆಂಚಿನಲ್ಲಿ ಕೂರುತ್ತಿದ್ದಳು, ಜಡೆಯಲ್ಲಿ ಯಾವಾಗಲೂ ಸಂಪಿಗೆ. ಅವಳ ಜೊತೆ ಮಾತಾಡುವ ಧೈರ್ಯ ನಮ್ಮ ತರಗತಿಯ ಯಾವ ಗಂಡಿಗೂ ಇರಲಿಲ್ಲವಾದ್ದರಿಂದ ನಾವು ತಲೆಯ ಮೂಲಕ ಪ್ರೀತಿಸುತ್ತಿದ್ದೆವು. ರೈಲ್ವೆ ಗಾರ್ಡಾಗಿದ್ದ ನನ್ನ ಸೋದರಮಾವ ಮೈಸೂರಿನಿಂದ ಒಂದು ಸೀಸೆ ವಾಸನೆ ಎಣ್ಣೆ ತಂದುಕೊಟ್ಟಿದ್ದರು. ಅದನ್ನು ನಾನೂ ನನ್ನ ಜೀವದ ಗೆಳೆಯ ಬಸವರಾಜುವೂ ಹಂಚಿಕೊಂಡು ಹಚ್ಚುತ್ತಿದ್ದೆವು. ಅವನು ಗುಂಡ್ಲುಪೇಟೆಯವನು, ಓದಲು ನಮ್ಮ ಬೀದಿಯಲ್ಲಿದ್ದ ತನ್ನ ಸೋದರತ್ತೆಯ ಮನೆಯಲ್ಲಿದ್ದ. ಯಾರಿಗಾಗಿ ಹಚ್ಚುತ್ತೇವೆಂದು ಇಬ್ಬರೂ ಬಾಯಿಬಿಟ್ಟಿರಲಿಲ್ಲ. ಒಂದೇ ಸೀಸೆಯಿಂದ ಪೈಪೋಟಿ ನಡೆಸುವಾಗ ಅಷ್ಟು ಮರ್ಯಾದೆ ಬೇಕಲ್ಲ.

ಒಂದು ಸೋಮವಾರ ಬಸವರಾಜು ತೆಂಗಿನ ನಾರಿನಂಥ ಒಣತಲೆ ಹೊತ್ತು ಬಂದ. ಸೀಸೆ ಚಾಚಿದೆ.

"ಬ್ಯಾಡ ಬುಡ್ಲಾ. ತಲೆನೋವು."

"ತಲೆನೋವಿಗೆ ಎಣ್ಣೆ ಹಚ್ತಾರೆ ಕಣ್ಲಾ, ಬಿಡಾಕಿಲ್ಲ."

"ನಂದು ಬ್ಯಾರೆ ತರದ್ದು," ಎಂದು ಮುಖ ತಿರುಗಿಸಿದ.

ಪ್ರಾಯದ ಗಂಡು ಎಣ್ಣೆ ಬಿಡುವುದು ಮನೆಯಲ್ಲಿ ಸಾವಾದಾಗ, ಇಲ್ಲವೇ ಹರಕೆ ಹೊತ್ತಾಗ. ಅವನ ಅತ್ತೆ ಆವತ್ತು ಬೆಳಿಗ್ಗೆಯೇ ಕೊಳಾಯಿ ಬಳಿ ಗಟ್ಟಿ ದನಿಯಲ್ಲಿ ಜಗಳವಾಡುತ್ತಿದ್ದುದರಿಂದ ಸಾವಿನ ಮಾತು ಬಿದ್ದುಹೋಯಿತು. ಉಳಿದದ್ದು ಹರಕೆ. ಯಾರಿಗಾಗಿ? ಹೀಗೆ ಯೋಚಿಸುತ್ತ ಕಿಟಕಿಯತ್ತ ನೋಡಿದರೆ ದೇವಮ್ಮಣ್ಣಿಯ ಜಡೆಯಲ್ಲಿ ಸಂಪಿಗೆ ಇಲ್ಲ! ಮಂಗಳವಾರವೂ ಇಲ್ಲ. ಅವನ ತಲೆಯಲ್ಲಿ ಎಣ್ಣೆಯೂ ಇಲ್ಲ. ಎರಡು ತಲೆಗಳು ಒಂದೇ ದಿನ ಒಂದೇ ವ್ರತ ಹಿಡಿದಿವೆ. ಜೊತೆಗೆ ಬಸವರಾಜುವಿನ ಬೆರಳುಗಳಿಗೆ ಹಸಿರು ಕಲೆ, ಶಾಲೆ ಬಿಟ್ಟೊಡನೆ ಮಾಯ. ಗೋಲಿ ಆಟಕ್ಕೆ ಕರೆದರೆ "ಅತ್ತೆ ಬೈತಾರೆ" ಎಂಬ ನೆಪ. ಅತ್ತೆ ಬೈದರೆ ಹೆದರುವವನೇ ಅವನು? ನನಗೆ ಅನ್ನ ಸೇರಲಿಲ್ಲ. ಅಪ್ಪ ಊಟದ ಸೀಟಿಯನ್ನು ಮತ್ತೊಮ್ಮೆ ಊದಬೇಕಾಯಿತು.

ಶುಕ್ರವಾರ ಸಂಜೆ ಬೆನ್ನು ಹತ್ತಿದೆ. ಹೋಗುವ ಮುನ್ನ ಸೀಸೆಯಲ್ಲಿ ಉಳಿದಿದ್ದನ್ನೆಲ್ಲ ತಲೆಗೆ ಸುರಿದುಕೊಂಡೆ. ಅವನ ಒಣತಲೆಯ ಪಕ್ಕದಲ್ಲಿ ನನ್ನದು ಫಳಫಳಿಸಿದರೆ ದೇವಮ್ಮಣ್ಣಿಯೇ ತೀರ್ಮಾನಿಸಲಿ ಎಂದು. ಬಸವರಾಜು ಊರಾಚೆ ಗುಂಡ್ಲುಪೇಟೆ ರಸ್ತೆಯಲ್ಲಿದ್ದ ಅವಳ ಮನೆಯ ಹಿತ್ತಿಲಿಗೇ ನುಗ್ಗಿದ. ಅಲ್ಲೊಂದು ಉದ್ದನೆಯ ಕೋಣೆ, ಬಾಗಿಲಿಗೆ ಗೋಣಿತಾಟಿನ ಪರದೆ. ಒಳಗಿನಿಂದ ಸಣ್ಣ ಮಳೆ ಬಿದ್ದಂಥ ಸದ್ದು. ಆಮೇಲೆ ಅವನ ದನಿ: "ಸಾಕೇನಮ್ಮಿ ಇಷ್ಟು?" ಅವಳ ದನಿ: "ಇನ್ನೂ ಆಕು. ಸುಮ್ಕೆ ನನ್ನ ಮೊಕ ನೋಡ್ಕಂಡು ನಿಂತ್ಕಬ್ಯಾಡ."

ಮೊಕ ನೋಡುತ್ತಿದ್ದಾನೆ! ಪರದೆ ಎಳೆದು ಒಳಕ್ಕೆ ಜಿಗಿದೆ.

ಬಿದಿರು ತಟ್ಟೆಗಳ ತುಂಬ ರೇಷ್ಮೆಹುಳುಗಳು ಹಿಪ್ಪುನೇರಳೆ ಸೊಪ್ಪನ್ನು ಮೇಯುತ್ತಿದ್ದವು. ಮಳೆಯ ಸದ್ದು ಅದೇ. ನಾನು ಕಾಲಿಟ್ಟ ಗಳಿಗೆಯಲ್ಲೇ ಸದ್ದು ನಿಂತಿತು. ಅಷ್ಟೂ ಹುಳುಗಳು ತಲೆಯೆತ್ತಿದವು. ಅಪ್ಪನ ಸೀಟಿಗೂ ಒಂದು ತರಗತಿ ಅಷ್ಟು ಒಟ್ಟಾಗಿ ಎದ್ದು ನಿಂತದ್ದನ್ನು ನಾನು ಕಂಡಿಲ್ಲ.

"ಯಾವನ್ಲಾ ಅವ್ನು? ಏನ್ ವಾಸ್ನೆ ಬಳ್ಕಂಡು ಬಂದಿದ್ದೀಯ! ಉಳ ಸತ್ತೋಯ್ತವೆ, ಓಗ್ಲಾ ಆಚ್ಗೆ!" ಎಂದು ದೇವಮ್ಮಣ್ಣಿಯ ಅಜ್ಜಿ ನನ್ನ ಕಿವಿ ಹಿಡಿದು ಎಳೆದೊಯ್ದು ದನದ ತೊಟ್ಟಿಯಲ್ಲಿ ತಲೆ ಅದ್ದಿದಳು. ಸೀಗೇಪುಡಿ ಹಾಕಿ ಉಜ್ಜಿದ್ದು ಅಜ್ಜಿ. ಚೊಂಬಿನಲ್ಲಿ ನೀರು ಹೊಯ್ದದ್ದು ನನ್ನ ಜೀವದ ಗೆಳೆಯ. "ಕಿವಿ ಇಂದೆ ಇನ್ನೂ ಐತೆ ಅಜ್ಜಿ," ಎಂದು ತೋರಿಸಿಕೊಟ್ಟದ್ದೂ ಅವನೇ.

ಆಗ ದೇವಮ್ಮಣ್ಣಿ ಮೊದಲ ಸಲ ನನ್ನ ಜೊತೆ ಮಾತಾಡಿದಳು. ನಗುತ್ತಿರಲಿಲ್ಲ. "ಅವ್ವ ಬಾಣಂತನಕ್ಕೆ ಚಂದಕವಾಡಿಗೆ ಓಗೌಳೆ. ಇಲ್ಲಿ ಆಳಿಲ್ಲ, ಅಜ್ಜಿನೇ ಇವನ್ನ ಸೊಪ್ಪಿಗೆ ಕರ್ದೌಳೆ. ಈ ಸಲ ಉಳ ಕೆಟ್ರೆ ನನ್ನ ಇಸ್ಕೂಲು ಬುಡಿಸ್ಬುಡ್ತಾರೆ. ಉಮ್ಮತ್ತೂರಲ್ಲಿ ಗಂಡು ನೋಡೌರೆ."

ತಲೆಯಿಂದ ನೀರು ಸೋರಿಸುತ್ತ ಪರದೆಯ ಹೊರಗೆ ಕುಕ್ಕರಗಾಲಲ್ಲಿ ಕುಳಿತು ಕಿವಿಗೊಟ್ಟೆ. ಒಳಗೆ ಸದ್ದಿಲ್ಲ. ಬಸವರಾಜು ನನ್ನತ್ತ ನೋಡಲಿಲ್ಲ. ದೀಪ ಹಚ್ಚುವ ಹೊತ್ತಿಗೆ ಒಂದು ತಟ್ಟೆಯಲ್ಲಿ ಸಣ್ಣಗೆ ಮಳೆ ಶುರುವಾಯಿತು, ಆಮೇಲೆ ಇನ್ನೊಂದರಲ್ಲಿ. ಅಜ್ಜಿ ಸೆರಗಿನಿಂದ ಕಣ್ಣೊರೆಸಿಕೊಂಡು, "ಬಾ ಒಳೀಕೆ, ಸೊಪ್ಪು ಎಚ್ಚು," ಎಂದು ನನ್ನ ಕೈಗೆ ಕತ್ತಿ ಕೊಟ್ಟಳು.

ಮರುದಿನದಿಂದ ನಾನೂ ಒಣತಲೆಯವನಾದೆ. ಹುಳುಗಳಿಗೆ ಹೊತ್ತುಹೊತ್ತಿಗೆ ಸೊಪ್ಪು ಬೀಳಬೇಕು, ತಪ್ಪಿದರೆ ಕೆಡುತ್ತವೆ. ನನ್ನ ಜನ್ಮದಲ್ಲಿ ನನ್ನ ಶಿಸ್ತನ್ನು ಮೆಚ್ಚಿಕೊಂಡ ಪ್ರಾಣಿಗಳೆಂದರೆ ಅವು ಮಾತ್ರ. ಬಸವರಾಜು ಅವಳ ಮುಖ ನೋಡದಂತೆ ನಾನು ಕಾದೆ, ನಾನು ನೋಡದಂತೆ ಅವನು ಕಾದ. ಹುಳುಗಳು ಹಣ್ಣಾಗಿ ಗೂಡು ಕಟ್ಟಿದವು, ದೇವಮ್ಮಣ್ಣಿಯ ಓದು ಉಳಿಯಿತು, ಪಾಸೂ ಆದಳು. ಅದಾದ ಮೇಲೆ ಸೈಕಲ್ಲಿನಲ್ಲಿ ಬಂದು ಹುಳು ನೋಡಿ ಹೋಗುತ್ತಿದ್ದ ರೇಷ್ಮೆ ಇನ್‌ಸ್ಪೆಕ್ಟರನನ್ನು ಮದುವೆಯಾದಳು. ನಾವು ಪರಸ್ಪರ ಕಾಯುವ ಭರದಲ್ಲಿ ಅವನನ್ನು ನೋಡಿಯೇ ಇರಲಿಲ್ಲ. ಈಗ ಯೋಚಿಸಿದರೆ ಅವನ ತಲೆ ಮೊದಲಿನಿಂದಲೂ ಒಣಗಿತ್ತು.

ಇದೆಲ್ಲ ನೆನಪಾದದ್ದು ಹೋದ ಭಾನುವಾರ. ಗುಂಡ್ಲುಪೇಟೆಯಿಂದ ಬಸವರಾಜು ಬಂದ. ಬಾಗಿಲು ತೆಗೆಯುವ ಮೊದಲೇ ವಾಸನೆ ಬಂತು. ಉಳಿದ ನಾಲ್ಕು ಬಿಳಿಕೂದಲಿಗೆ ಎಣ್ಣೆ ಬಳಿದು ಬಾಚಿದ್ದ.

"ಎತ್ಲಾಗ್ಲಾ ಸವಾರಿ?" ಎಂದೆ.

"ಎತ್ಲಾಗೂ ಇಲ್ಲ ಕಣ್ಲಾ. ದೇವಮ್ಮಣ್ಣಿ ಮೊಮ್ಮಕ್ಕಳನ್ನ ಕರ್ಕಂಡು ತೌರಿಗೆ ಬಂದೌಳಂತೆ. ಈಗ ಅವರ ಮನೇಲಿ ಉಳ ಸಾಕಾಕಿಲ್ಲ. ನೀನೂ ಬತ್ತೀಯೇನೋ ಅಂತ ಬಂದೆ. ಓಗನ?"

ಇವನನ್ನು ಒಬ್ಬನೇ ಕಳಿಸಲು ಸಾಧ್ಯವೇ? ಅವನ ಚೀಲದಲ್ಲಿದ್ದ ಸೀಸೆ ತೆಗೆದುಕೊಂಡು ಬಚ್ಚಲಿಗೆ ಹೋದೆ. ನನಗೆ ಕೂದಲಿಲ್ಲ, ಆದರೂ ತಲೆ ಇದೆಯಲ್ಲ. ಹಚ್ಚಿಕೊಂಡು ಹೊರಬಂದರೆ ಹೆಂಡತಿ ಅಡುಗೆಮನೆಯ ಬಾಗಿಲಲ್ಲಿ ನಿಂತು ಉಸಿರನ್ನು ಒಮ್ಮೆ ದೀರ್ಘವಾಗಿ ಒಳಕ್ಕೆಳೆದುಕೊಂಡಳು. ಆಮೇಲೆ ಗೋಡೆಯತ್ತ ತಿರುಗಿ, ತನ್ನ ಜನ್ಮದಲ್ಲೇ ಮೊದಲ ಸಲ, ಗಡಿಯಾರ ನೋಡಿದಳು.

"ಈ ಹೊತ್ನಲ್ಲಿ ಯಾಕೆ ಎಣ್ಣೆ?"

"ತಲೆನೋವು," ಎಂದೆ.